ರೇಡಿಯೋ ಆರಿಸಿದ ಸಂಜೆ

ಮೊದಲೇ ಹೇಳಿಬಿಡುತ್ತೇನೆ, ಇಂಥ ಅನುಭವಗಳನ್ನು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಮೈಸೂರಿನಲ್ಲಿ ಎಂಟು ವರ್ಷ ನಾನು ಕಿವಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಹೊರಗಿನ ಶಬ್ದ ಒಳಗೆ ಬಾರದ ಪುಟ್ಟ ಕೋಣೆಯಲ್ಲಿ ಒಬ್ಬರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬೆರಳೆತ್ತಿ ಎಂದು ಹೇಳಿ, ಗಾಜಿನ ಈಚೆ ಕೂತು ಗುಂಡಿ ತಿರುಗಿಸುವ ಕೆಲಸ. ಅಲ್ಲಿ ನಾನು ಕಲಿತ ದೊಡ್ಡ ಪಾಠವೆಂದರೆ, ನಾನು ಯಾವ ಸದ್ದನ್ನೂ ಕಳಿಸದೆ ಸುಮ್ಮನೆ ಕೂತಿದ್ದಾಗಲೂ ಜನ ಬೆರಳೆತ್ತುತ್ತಾರೆ ಎನ್ನುವುದು. ಕೇಳಲೇಬೇಕೆಂದು ಕಾದು ಕೂತವರಿಗೆ ಏನಾದರೂ ಕೇಳಿಸಿಯೇ ಕೇಳಿಸುತ್ತದೆ. ಹಾಗಾಗಿ ಯಾರಾದರೂ ಸತ್ತವರ ಹೆಜ್ಜೆ ಸಪ್ಪಳ ಕೇಳಿತು, ಖಾಲಿ ಮನೆಯಲ್ಲಿ ಕೆಮ್ಮು ಕೇಳಿತು ಎಂದರೆ ನನಗೆ ನಗು ಬರುತ್ತಿತ್ತು. ಎದುರಿಗೆ ನಗದಿದ್ದರೂ ಮನೆಗೆ ಬಂದು ನಗುತ್ತಿದ್ದೆ.

ಈಗ ನನ್ನದೇ ಸರದಿ ಬಂದಿದೆ. ನಾನು ಹೇಳಹೊರಟಿರುವ ಸಂಗತಿಯಲ್ಲಿ ನನಗೆ ಏನೂ ಕೇಳಿಸಲಿಲ್ಲ ಎನ್ನುವುದನ್ನು ದಯವಿಟ್ಟು ಗಮನಿಸಿ. ನಾನು ಕಂಡದ್ದು ಮರಳಿನ ಮೇಲೆ ಮೂಡಿದ್ದ ಗೊರಸಿನ ಗುರುತುಗಳನ್ನು ಮಾತ್ರ, ಅವನ್ನೂ ನಾನೇ ಕೈಯಾರೆ ಅಳಿಸಿಹಾಕಿದೆ. ನಂಬಿ ಎಂದು ಯಾರನ್ನೂ ಒತ್ತಾಯಿಸುವ ಹಕ್ಕು ನನಗಿಲ್ಲ.

ಇದು ನಡೆದದ್ದು ೨೦೧೩ರ ಚಳಿಗಾಲದಲ್ಲಿ. ಗಂಡ ಶ್ರೀಧರನ ಕೆಲಸಕ್ಕೆಂದು ದೇಶ ಬಿಟ್ಟು ಬಂದಿದ್ದೆವು. ಅವನ ಕೆಲಸ ಬೆಲ್ವ್ಯೂ ಎಂಬ ಊರಿನಲ್ಲಿ, ನಮ್ಮ ಮನೆ ಅಲ್ಲೇ ಈಸ್ಟ್‌ಗೇಟ್‌ನಲ್ಲಿ, ಹೆದ್ದಾರಿಯ ಸದ್ದು ಹಗಲಿರುಳೂ ಕೇಳುವಂಥ ಜಾಗದಲ್ಲಿತ್ತು. ನನ್ನಂಥ ವೀಸಾದಲ್ಲಿ ಬಂದ ಹೆಂಡತಿಯರು ಆಗ ಕೆಲಸ ಮಾಡುವಂತಿರಲಿಲ್ಲ. ಅಡುಗೆ ಮಾಡುವುದು, ಮಗಳನ್ನು ಶಾಲೆಗೆ ಬಿಡುವುದು, ಕರೆತರುವುದು, ಮತ್ತೆ ಅಡುಗೆ ಮಾಡುವುದು, ಇಷ್ಟೇ. ಎಂಟು ವರ್ಷ ಬಿಳಿ ಕೋಟು ಹಾಕಿದವಳಿಗೆ ಇದು ಹಿಡಿಸಲಿಲ್ಲ. ಬೇಜಾರು ಅನ್ನುವುದು ಸಣ್ಣ ಮಾತಾಯಿತು, ನಾನು ಒಳಗೊಳಗೇ ಸಿಡುಕಿಯಾಗುತ್ತಿದ್ದೆ.

ಮಗಳು ಅನಘಾಗೆ ಆಗ ಏಳು ವರ್ಷ. ಕ್ಲಾಸಿನ ಯಾರೋ ಹುಡುಗಿ ಕುದುರೆ ಸವಾರಿ ಕಲಿಯುತ್ತಾಳೆಂದು ಇವಳೂ ಹಟ ಹಿಡಿದಳು. ಹಾಗೆ ನಾವು ಪಕ್ಕದ ಊರು ಇಸಾಕ್ವಾ ದಾಟಿ, ಕಣಿವೆಯ ಕಡೆ ಇಳಿಯುವ ರಸ್ತೆಯಲ್ಲಿದ್ದ ಐರೀನ್ ಅವರ ಕುದುರೆ ಲಾಯಕ್ಕೆ ಹೋಗತೊಡಗಿದೆವು. ಅನಘಾಗೆ ಮೂರೇ ತಿಂಗಳಲ್ಲಿ ಆಸಕ್ತಿ ಇಳಿದು ಈಜಿನ ಹುಚ್ಚು ಹತ್ತಿತು. ನಾನು ಮಾತ್ರ ಅಲ್ಲೇ ಉಳಿದೆ. ವಾರದಲ್ಲಿ ನಾಲ್ಕು ದಿನ ಹೋಗಿ ಹುಲ್ಲು ಹಾಕುವುದು, ನೀರಿನ ಬಕೆಟ್ ತುಂಬುವುದು, ಲದ್ದಿ ಬಾಚುವುದು. ಸಂಬಳವಿಲ್ಲದ ಕೆಲಸಕ್ಕೆ ಯಾರ ಅಡ್ಡಿಯೂ ಇರಲಿಲ್ಲ. "ಇಲ್ಲಿಗೆ ಬಂದು ಲದ್ದಿ ಬಾಚೋಕೆ ಅಷ್ಟು ಓದ್ಬೇಕಿತ್ತಾ ನೀನು?" ಎಂದು ಶ್ರೀಧರ ರೇಗಿಸುತ್ತಿದ್ದ. ಸಂಜೆ ಮನೆಗೆ ಬರುವಾಗ ನನ್ನ ಮುಖ ಗೆಲುವಾಗಿರುವುದನ್ನು ಅವನೂ ನೋಡಿದ್ದ, ಅದಕ್ಕೇ ರೇಗಿಸುವುದಕ್ಕಿಂತ ಮುಂದೆ ಹೋಗುತ್ತಿರಲಿಲ್ಲ.

ಐರೀನ್ ಅವರಿಗೆ ಎಪ್ಪತ್ತು ದಾಟಿತ್ತು. ಎತ್ತರದ ಆಳು, ಮಾತು ಕಡಿಮೆ, ಎಡ ಸೊಂಟ ಸವೆದು ಕುಂಟುತ್ತಿದ್ದರು. ಹನ್ನೊಂದು ಕುದುರೆಗಳಿದ್ದ ಆ ಲಾಯದಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೂ, ರಾತ್ರಿಯಿಂದ ಬೆಳಗಿನವರೆಗೂ ರೇಡಿಯೋ ಹಾಡುತ್ತಲೇ ಇರುತ್ತಿತ್ತು. ಕುದುರೆಗಳಿಗೂ ಸಂಗೀತದ ಖಯಾಲಿ ಇದೆಯೋ ಎಂದು ನಾನು ತಮಾಷೆ ಮಾಡಿದಾಗ ಅವರು ನಗಲಿಲ್ಲ.

"ಹಾಡು ಕೇಳೋಕಲ್ಲ ಅದು. ಸದ್ದೇ ಇಲ್ಲದಿದ್ರೆ ಇವು ಒಂದೊಂದು ಎಲೆ ಬಿದ್ದಿದ್ದನ್ನೂ ಕೇಳಿಸ್ಕೊಳ್ತವೆ. ಕೇಳಿಸ್ಕೊಂಡು ಕೇಳಿಸ್ಕೊಂಡೇ ಸುಸ್ತಾಗಿಬಿಡ್ತವೆ" ಎಂದರು.

ಈ ಮಾತು ನನಗೆ ಬಹಳ ಇಷ್ಟವಾಯಿತು. ನಮ್ಮ ಕೆಲಸದಲ್ಲೂ ಒಂದು ಕಿವಿಯನ್ನು ಪರೀಕ್ಷಿಸುವಾಗ ಇನ್ನೊಂದು ಕಿವಿ ಮೂಗು ತೂರಿಸದಿರಲೆಂದು ಅದಕ್ಕೆ ಬರೀ ಗೊಜಗೊಜ ಸದ್ದು ಕಳಿಸುತ್ತಿದ್ದೆವು. ಇದೂ ಅದೇ ಲೆಕ್ಕ ಎಂದುಕೊಂಡೆ. ಐರೀನ್ ಮೇಲೆ ನನಗೆ ಗೌರವ ಹುಟ್ಟಿದ್ದು ಅವತ್ತು.

ಆದರೆ ಆ ಲಾಯದಲ್ಲಿ ರೇಡಿಯೋ ಒಂದಲ್ಲ, ಎರಡಿದ್ದವು. ಎರಡನೆಯದು ಇದ್ದದ್ದು ಪರ್ಲ್‌ಗಾಗಿ. ಪರ್ಲ್ ಇಪ್ಪತ್ತನಾಲ್ಕು ವರ್ಷದ ಬಿಳಿ ಬೂದು ಬಣ್ಣದ ಹೆಣ್ಣು ಕುದುರೆ. ಕಾಯಿಲೆ ಬಂದು ಎರಡೂ ಕಣ್ಣು ಹೋಗಿದ್ದವು. ಐರೀನ್ ಅದನ್ನು 'ಅವಳು' ಎಂದೇ ಕರೆಯುತ್ತಿದ್ದರು, ನನಗೂ ಅದೇ ರೂಢಿಯಾಯಿತು. ಅವಳಿದ್ದದ್ದು ಲಾಯದ ಕಟ್ಟಕಡೆಯ ಸ್ಟಾಲಿನಲ್ಲಿ, ಅಂದರೆ ಒಂದೇ ಕುದುರೆಗೆಂದು ಹಲಗೆ ಹೊಡೆದು ಮಾಡಿದ ಕೋಣೆಯಲ್ಲಿ. ಅಲ್ಲಿಂದ ಎರಡು ತಿರುವುಗಳಿರುವ ಒಂದು ಓಣಿ ದಾಟಿದರೆ ಅರೀನಾ, ಅಂದರೆ ತಗಡಿನ ಮಾಡಿನ ಕೆಳಗೆ ಮರಳು ಹಾಸಿದ ಸವಾರಿಯ ಅಂಗಳ. ಲಾಯದ ರೇಡಿಯೋದಲ್ಲಿ ಹಳ್ಳಿಗಾಡಿನ ಹಳೆಯ ಹಾಡುಗಳು. ಅರೀನಾದ ಆಚೆ ತುದಿಯಲ್ಲಿ, ಕುದುರೆ ಹತ್ತಲು ಇಟ್ಟಿದ್ದ ಮೂರು ಮೆಟ್ಟಿಲಿನ ಮರದ ಪೀಠದ ಮೇಲ್ಗಡೆ ತೂಗುಹಾಕಿದ್ದ ರೇಡಿಯೋದಲ್ಲಿ ಬರೀ ಮಾತು, ಸುದ್ದಿ, ಚರ್ಚೆ. ಹಾಡು ಸಣ್ಣದಾಗುತ್ತ ಮಾತು ಜೋರಾಗುತ್ತ ಬಂದರೆ ತಾನು ಅರೀನಾದ ಕಡೆ ಹೋಗುತ್ತಿದ್ದೇನೆ ಎಂದು ಪರ್ಲ್‌ಗೆ ಗೊತ್ತಾಗುತ್ತಿತ್ತು. ಮಾತು ಸಣ್ಣದಾಗಿ ಹಾಡು ಜೋರಾದರೆ ಮನೆಯ ಕಡೆ. ಎರಡರ ನಡುವೆ ಅವಳ ಪ್ರಪಂಚವಿತ್ತು.

ಇದನ್ನು ಐರೀನ್ ಎಲ್ಲಿಂದಲೋ ಓದಿ ಮಾಡಿದ್ದಲ್ಲ. ವರ್ಷಗಟ್ಟಲೆ ರೇಡಿಯೋಗಳನ್ನು ಅಲ್ಲಿಂದಿಲ್ಲಿಗೆ ಇಟ್ಟು ನೋಡಿ ತಾವೇ ಕಂಡುಕೊಂಡಿದ್ದರು. ಒಮ್ಮೆ ಗಾಳಿಗೆ ಮರ ಬಿದ್ದು ಕರೆಂಟ್ ಹೋಗಿ ಎರಡೂ ರೇಡಿಯೋ ನಿಂತಾಗ ಪರ್ಲ್ ತನ್ನ ಸ್ಟಾಲಿನಲ್ಲೇ ದಿಕ್ಕು ತಪ್ಪಿ, ಗಿರಗಿರ ಸುತ್ತಿ, ಹಲಗೆ ಮುರಿದು ಮುಂಗಾಲು ಸೀಳಿಕೊಂಡಿದ್ದಳಂತೆ. ಅದರ ಗಾಯದ ಗುರುತನ್ನು ನನಗೆ ತೋರಿಸಿದ್ದರು. ಎರಡು ರೇಡಿಯೋಗಳಿಗೂ ಲಾಯದ ಬಾಗಿಲ ಬಳಿ ಒಂದೇ ಸ್ವಿಚ್ಚು. ಯಾರೂ ಮರೆತು ಒತ್ತಬಾರದೆಂದು ಅದರ ಮೇಲೆ ಟೇಪು ಅಂಟಿಸಿದ್ದರು.

ದಿನಾ ಬೆಳಿಗ್ಗೆ ಐರೀನ್ ಪರ್ಲ್‌ಳ ಕುತ್ತಿಗೆಯ ಮೇಲೆ ಕೈಯಿಟ್ಟು ಅವಳನ್ನು ಅರೀನಾಕ್ಕೆ ಕರೆದೊಯ್ಯುತ್ತಿದ್ದರು. ಹಗ್ಗವಿಲ್ಲ, ಏನಿಲ್ಲ. ಹನ್ನೆರಡು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ನಿಂತು ಒಂದೆರಡು ನಿಮಿಷವಾದ ಮೇಲೆ ಮತ್ತೆ ಹನ್ನೆರಡು ಹೆಜ್ಜೆ. ಕೊನೆಗೆ ಆ ಮರದ ಪೀಠದ ಮೇಲೆ ಕೂರುತ್ತಿದ್ದರು, ಪರ್ಲ್ ಪಕ್ಕದಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಕುರುಡು ಕುದುರೆಗೆ ಪಾಠ ಹೇಳಿಕೊಡುವ ಕ್ರಮವಿರಬೇಕು ಎಂದುಕೊಂಡು ನಾನು ಕೇಳಿದರೆ ಐರೀನ್ ಸೊಂಟ ತಟ್ಟಿ ತೋರಿಸಿದರು.

"ಅವಳಿಗಲ್ಲಮ್ಮ, ನನಗೆ. ಈ ಸೊಂಟ ಹನ್ನೆರಡಕ್ಕಿಂತ ಜಾಸ್ತಿ ಕೊಡಲ್ಲ. ಅವಳು ಪಾಪ ನನಗೋಸ್ಕರ ಕಾಯ್ತಾಳೆ."

ಐರೀನ್ ಬಿಟ್ಟು ಬೇರೆ ಯಾರ ಜೊತೆಯೂ ಪರ್ಲ್ ಸ್ಟಾಲಿನಿಂದ ಹೊರಗೆ ಕಾಲಿಟ್ಟವಳಲ್ಲ. ನಾನು ಹುಲ್ಲು ಹಾಕಬಹುದಿತ್ತು, ಮೈ ಉಜ್ಜಬಹುದಿತ್ತು, ಆದರೆ ಬಾಗಿಲು ತೆಗೆದು ಕರೆದರೆ ಗೋಡೆಗೆ ಬೆನ್ನು ಒತ್ತಿ ನಡುಗುತ್ತಿದ್ದಳು. ಇದೇ ಮುಂದೆ ಅವಳ ಪ್ರಾಣಕ್ಕೆ ಬಂತು.

ನವೆಂಬರ್ ಕೊನೆಯಲ್ಲಿ ಐರೀನ್ ಅಡುಗೆಮನೆಯಲ್ಲಿ ಕುಸಿದುಬಿದ್ದರು. ಆಸ್ಪತ್ರೆಯಲ್ಲಿ ಎಂಟು ದಿನ ಇದ್ದರು. ಅವರಿಗೆ ಮಕ್ಕಳಿರಲಿಲ್ಲ, ತಂಗಿಯ ಮಗಳು ಟ್ರೇಸಿ ಬೇರೆ ಊರಿನಿಂದ ಬಂದು ಲಾಯವನ್ನೂ ಆಸ್ಪತ್ರೆಯನ್ನೂ ನೋಡಿಕೊಳ್ಳತೊಡಗಿದಳು. ಒಳ್ಳೆಯ ಹೆಂಗಸು, ಆದರೆ ಕುದುರೆಗಳ ಗಂಧ ಗಾಳಿ ಇರಲಿಲ್ಲ. ಜಾಗ ಮಾರಲೇಬೇಕು ಎಂದು ಮೊದಲ ದಿನವೇ ಹೇಳಿದಳು. ಉಳಿದ ಹತ್ತು ಕುದುರೆಗಳಿಗೆ ಹೋಗಲು ಜಾಗವಿತ್ತು. ಪರ್ಲ್‌ಗೆ ಇರಲಿಲ್ಲ.

ಆಸ್ಪತ್ರೆಗೆ ಹೋದಾಗ ಐರೀನ್ ನನ್ನನ್ನು ಎರಡು ವಿಷಯ ಕೇಳಿಕೊಂಡರು. ಮಾತು ತೊದಲುತ್ತಿತ್ತು, ಆದರೂ ಅರ್ಥವಾಯಿತು. ರೇಡಿಯೋ ನಿಲ್ಲಿಸಬೇಡ ಎಂಬುದು ಒಂದು. ಪರ್ಲ್‌ಗೆ ಒಂದು ಜಾಗ ಹುಡುಕು ಎಂಬುದು ಇನ್ನೊಂದು. ಎರಡಕ್ಕೂ ಆಯಿತು ಎಂದು ನಾನು ಅವರ ಕೈ ಹಿಡಿದು ಹೇಳಿದೆ.

ಹುಡುಕಿದೆ ಕೂಡ. ರಾತ್ರಿಯೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತು, ಹತ್ತಾರು ಕಡೆ ಫೋನ್ ಮಾಡಿ, ಕೊನೆಗೆ ಈನಂಕ್ಲಾ ಎಂಬ ಊರಿನ ಕಡೆ ಮುದಿ ಕುದುರೆಗಳನ್ನು ಸಾಕುವ ಒಬ್ಬಾಕೆಯನ್ನು ಹಿಡಿದೆ. ಆಕೆ ಕಡ್ಡಿ ಮುರಿದ ಹಾಗೆ ಮಾತಾಡುವವಳು. ಕುರುಡು ಕುದುರೆಗಳನ್ನು ತಾನು ಸಾಕಿದ್ದೇನೆ, ಅದೇನೂ ತೊಂದರೆಯಿಲ್ಲ ಎಂದಳು. ಆದರೆ ಒಬ್ಬರ ಕೈಗೆ ಮಾತ್ರ ಒಗ್ಗಿದ ಕುದುರೆಯೊಂದನ್ನು ಹಿಂದೆ ತಂದುಕೊಂಡು, ಅದು ಮೂಲೆಯಲ್ಲಿ ನಿಂತಲ್ಲೇ ನಿಂತು, ನೀರು ಹುಲ್ಲು ಬಿಟ್ಟು ಸತ್ತದ್ದನ್ನು ನೋಡಿದ್ದಳಂತೆ. ಇನ್ನೊಮ್ಮೆ ಆ ಪಾಪ ತನಗೆ ಬೇಡ ಎಂದಳು. ಆ ಯಜಮಾನಿ ಇಲ್ಲದೆ ಇವಳು ಒಂದೇ ಒಂದು ಸಲ ಹೊರಗೆ ನಡೆದದ್ದನ್ನು ಯಾರಾದರೂ ನೋಡಿದ್ದರೆ ಹೇಳಿ, ನಾಳೆಯೇ ಗಾಡಿ ತರುತ್ತೇನೆ ಎಂದಳು.

ಅವತ್ತಿನಿಂದ ನಾನೂ ಟ್ರೇಸಿಯೂ ದಿನಾ ಪ್ರಯತ್ನಿಸಿದೆವು. ಕ್ಯಾರೆಟ್ ಹಿಡಿದು ಕರೆದೆವು, ಐರೀನ್ ಅವರ ಕೋಟು ಹಾಕಿಕೊಂಡು ಕರೆದೆವು. ಪರ್ಲ್ ಗೋಡೆ ಬಿಟ್ಟು ಬರಲಿಲ್ಲ.

ಐರೀನ್ ಆಸ್ಪತ್ರೆ ಸೇರಿದ ಒಂಬತ್ತನೆಯ ದಿನ. ಮಧ್ಯಾಹ್ನ ಟ್ರೇಸಿ ಪುಟ್ಟ ಟ್ರ್ಯಾಕ್ಟರಿಗೆ ಕುಂಟೆ ಕಟ್ಟಿ ಅರೀನಾದ ಮರಳನ್ನೆಲ್ಲ ಸಮ ಮಾಡಿ ಆಸ್ಪತ್ರೆಗೆ ಹೋಗಿದ್ದಳು. ಜಾಗ ನೋಡಲು ಮಾರನೆಯ ದಿನ ಯಾರೋ ಬರುವವರಿದ್ದರು. ನಾನೊಬ್ಬಳೇ ಸಂಜೆಯ ಹುಲ್ಲು ಹಾಕುತ್ತಿದ್ದೆ. ಆ ತಿಂಗಳಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲೆ. ಮಳೆ ಇರಲಿಲ್ಲ, ಗಾಳಿಯೂ ಇರಲಿಲ್ಲ, ಹೊರಗೆ ಗಟ್ಟಿ ಮಂಜು ಕವಿದಿತ್ತು. ಪರ್ಲ್‌ಳ ಸ್ಟಾಲಿನಲ್ಲಿ ನೀರಿನ ಬಕೆಟ್ ಇಟ್ಟು ಹೊರಬರುವಾಗ ಫೋನ್ ಬಂತು. ಟ್ರೇಸಿ. ಐರೀನ್ ಮೂರು ಗಂಟೆಗೆ ತೀರಿಕೊಂಡರು ಎಂದಳು. ತಾನು ಬರುವುದು ತಡವಾಗುತ್ತದೆ, ಕುದುರೆಗಳನ್ನು ನೋಡಿಕೋ ಎಂದಳು.

ನಾನು ಲಾಯದ ಉದ್ದಕ್ಕೂ ನಡೆದು ಬಾಗಿಲ ಬಳಿ ಬಂದೆ. ರೇಡಿಯೋದಲ್ಲಿ ಯಾರೋ ತನ್ನ ಹಳೆಯ ಪ್ರೇಮದ ಬಗ್ಗೆ ಹಾಡುತ್ತಿದ್ದ. ನಾನು ಬೆಳೆದ ಮೈಸೂರಿನ ವಠಾರದಲ್ಲಿ ಒಂದು ಮನೆಯಲ್ಲಿ ಸಾವಾದರೆ ಎಂಟೂ ಮನೆಯ ರೇಡಿಯೋ ನಿಲ್ಲುತ್ತಿತ್ತು. ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಹೆಣ ಎತ್ತುವವರೆಗೆ ಕುಕ್ಕರಿನ ಸೀಟಿ ಕೂಗಿದರೂ ಅಮ್ಮ ನಾಚಿಕೊಳ್ಳುತ್ತಿದ್ದರು. ಸತ್ತವರ ಮನೆಯಲ್ಲಿ ಹಾಡು ಕೇಳಿಸುವುದೆಂದರೆ ಅದಕ್ಕಿಂತ ಮರ್ಯಾದೆಗೇಡು ಇನ್ನೊಂದಿರಲಿಲ್ಲ. ನಾನು ಯೋಚಿಸಲಿಲ್ಲ. ಟೇಪು ಕಿತ್ತು ಸ್ವಿಚ್ ಆರಿಸಿದೆ. ನನ್ನ ಕೈ ಅದನ್ನು ತಾನಾಗಿ ಮಾಡಿತು.

ಆಮೇಲೆ ಪಕ್ಕದ ಜೀನುಗಳ ಕೋಣೆಯಲ್ಲಿ ಹುಲ್ಲಿನ ಕಟ್ಟಿನ ಮೇಲೆ ಕೂತು ಅತ್ತೆ. ಈ ದೇಶದಲ್ಲಿ ನನ್ನನ್ನು ಒಂದು ಕೆಲಸ ಬಲ್ಲವಳೆಂದು ಕಂಡವರು ಐರೀನ್ ಒಬ್ಬರೇ. ಎಷ್ಟು ಹೊತ್ತು ಕೂತಿದ್ದೆನೋ, ಅರ್ಧ ಗಂಟೆಯಂತೂ ಆಗಿತ್ತು. ತಲೆ ಎತ್ತಿದಾಗ ಅಲ್ಲಿನ ನಿಶ್ಶಬ್ದ ನನ್ನನ್ನು ಬೆಚ್ಚಿಸಿತು. ಸಂಜೆಯ ಹುಲ್ಲು ಅರ್ಧಕ್ಕೆ ನಿಂತಿದ್ದರೂ ಒಂದು ಕುದುರೆಯೂ ಕೆನೆದಿರಲಿಲ್ಲ, ಬಾಗಿಲು ಒದ್ದಿರಲಿಲ್ಲ. ಹೊರಗೆ ಬಂದು ನೋಡಿದರೆ ಹತ್ತೂ ಕುದುರೆಗಳು ಕಿವಿ ನಿಮಿರಿಸಿ ಓಣಿಯ ಕಡೆ ಮುಖ ಮಾಡಿ ನಿಂತಿದ್ದವು. ಆಗ ನನಗೆ ಪರ್ಲ್ ನೆನಪಾದಳು. ನಾನೇನು ಮಾಡಿದೆ ಎನ್ನುವುದು ಆಗ ಹೊಳೆಯಿತು. ಅವಳ ಸ್ಟಾಲಿನ ಕಡೆ ಓಡಿದೆ.

ಸ್ಟಾಲಿನ ಬಾಗಿಲು ತೆರೆದಿತ್ತು. ಫೋನ್ ಬಂದ ಗಡಿಬಿಡಿಯಲ್ಲಿ ನಾನೇ ಚಿಲಕ ಹಾಕಿರಲಿಲ್ಲ. ಒಳಗೆ ಪರ್ಲ್ ಇರಲಿಲ್ಲ. ಹಲಗೆ ಮುರಿದಿರಲಿಲ್ಲ, ಬಕೆಟ್ ಉರುಳಿರಲಿಲ್ಲ. ಓಣಿಯ ಮೊದಲ ತಿರುವಿನಲ್ಲಿ ನಾನು ಲದ್ದಿ ತುಂಬಿದ ಕೈಗಾಡಿಯನ್ನು ದಾರಿಗೆ ಅಡ್ಡವಾಗಿ ಬಿಟ್ಟಿದ್ದೆ, ಅದಕ್ಕೆ ಸಲಿಕೆಯನ್ನು ಒರಗಿಸಿದ್ದೆ. ಪಕ್ಕದಲ್ಲಿ ಒಂದು ಕುದುರೆ ಹೊಟ್ಟೆ ತಾಗಿಸದೆ ಹೋಗಲು ಕಣ್ಣಿದ್ದರೂ ಕಷ್ಟವಿತ್ತು. ಸಲಿಕೆ ಇಟ್ಟ ಹಾಗೇ ನಿಂತಿತ್ತು.

ಓಣಿಯ ನೆಲ ಸಿಮೆಂಟಿನದು. ಅಷ್ಟು ನಿಶ್ಶಬ್ದದಲ್ಲಿ, ನಾಲ್ಕೂವರೆ ನೂರು ಕಿಲೋ ತೂಗುವ ಪ್ರಾಣಿ ಅದರ ಮೇಲೆ ನಡೆದುಹೋದ ಸದ್ದು ನನಗೆ ಕೇಳಿಸಿರಲಿಲ್ಲ. ಕಿವಿಯ ವಿಷಯದಲ್ಲಿ ಬೇರೆಯವರಿಗೆ ಬುದ್ಧಿ ಹೇಳಿ ಸಂಬಳ ತೆಗೆದುಕೊಂಡವಳಿಗೆ ಕೇಳಿಸಿರಲಿಲ್ಲ.

ಅರೀನಾದ ದೀಪಗಳು ಹಳೆಯ ಕಾಲದವು, ಸ್ವಿಚ್ ಹಾಕಿದ ಮೇಲೆ ಪೂರ್ತಿ ಬೆಳಗಲು ಐದು ನಿಮಿಷ ಬೇಕು. ಮೊದಲು ಕಂದು ಬೆಳಕಿನಲ್ಲಿ ಆಚೆ ತುದಿಯಲ್ಲಿ ಅವಳ ಬಿಳಿ ಮೈ ಮಾತ್ರ ಕಂಡಿತು. ಮರದ ಪೀಠದ ಪಕ್ಕದಲ್ಲಿ, ದಿನಾ ನಿಲ್ಲುವ ಜಾಗದಲ್ಲೇ, ತಲೆ ತಗ್ಗಿಸಿ ನಿಂತಿದ್ದಳು. ನಾನು ಬಾಗಿಲಲ್ಲೇ ನಿಂತೆ. ಬೆಳಕು ಏರುತ್ತ ಹೋದ ಹಾಗೆ ಮರಳು ಕಾಣತೊಡಗಿತು.

ಮಧ್ಯಾಹ್ನ ಕುಂಟೆ ಎಳೆದ ಮರಳು ಒಂದು ಗೆರೆ ಕೆಡದೆ ಹಾಗೇ ಇತ್ತು. ಅದರ ಮೇಲೆ ಬಾಗಿಲಿನಿಂದ ಪೀಠದವರೆಗೆ ಒಂದೇ ಸಾಲು ಗೊರಸಿನ ಗುರುತು. ಬೇರೆ ಯಾವ ಗುರುತೂ ಇರಲಿಲ್ಲ, ಮನುಷ್ಯರ ಹೆಜ್ಜೆಯಂತೂ ಇರಲೇ ಇಲ್ಲ. ಸಾಲು ನೇರವಾಗಿತ್ತು. ದಿಕ್ಕು ತಿಳಿಯದ ಕುರುಡು ಕುದುರೆ ನೇರ ನಡೆಯುವುದಿಲ್ಲ, ಗೋಡೆ ಹಿಡಿದು ಹೋಗುತ್ತದೆ, ಇಲ್ಲವೇ ಸುತ್ತುತ್ತದೆ. ಇದು ಬಯಲಿನ ನಟ್ಟನಡುವೆ ಹೋಗಿತ್ತು. ಮತ್ತೆ, ಆ ಸಾಲಿನಲ್ಲಿ ಅಲ್ಲಲ್ಲಿ ನಾಲ್ಕೂ ಗೊರಸುಗಳು ಒಟ್ಟಿಗೆ ಊರಿ ಮರಳು ಆಳಕ್ಕೆ ಕುಸಿದಿತ್ತು. ಕುದುರೆ ಒಂದೆರಡು ನಿಮಿಷ ಒಂದೇ ಕಡೆ ನಿಂತರೆ ಹಾಗಾಗುತ್ತದೆ. ಅಂಥವು ಐದು ಕಡೆ ಇದ್ದವು.

ನಾನು ಆ ಸಾಲಿನ ಪಕ್ಕದಲ್ಲಿ, ಐರೀನ್ ಜೊತೆ ಎಷ್ಟೋ ಸಲ ನಡೆದ ಅದೇ ನಿಧಾನದಲ್ಲಿ ನಡೆದೆ. ಎಣಿಸಿದೆ. ಹನ್ನೆರಡು ಹೆಜ್ಜೆಗೆ ನಿಂತ ಗುರುತು. ಮತ್ತೆ ಹನ್ನೆರಡು. ಮೂರನೆಯ ಗುರುತಿನ ಹತ್ತಿರ ಎಣಿಸುವುದನ್ನು ನಿಲ್ಲಿಸಿದೆ. ನನಗೆ ಭಯವಾಯಿತು. ಐರೀನ್ ಅಂಥವರ ಬಗ್ಗೆ ಭಯಪಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು, ಆದರೂ ಭಯ ಹೋಗಲಿಲ್ಲ.

ಪರ್ಲ್ ನೆಮ್ಮದಿಯಾಗಿದ್ದಳು. ಕೆಳತುಟಿ ಸಡಿಲವಾಗಿತ್ತು, ಉಸಿರು ನಿಧಾನವಾಗಿತ್ತು. ಒಂಬತ್ತು ದಿನದಲ್ಲಿ ನಾನು ಅವಳನ್ನು ಹಾಗೆ ನೋಡಿರಲಿಲ್ಲ. ತಡೆಯಲಾರದೆ ನಾನು "ಪರ್ಲ್" ಎಂದೆ. ಅವಳು ನಿದ್ದೆಯಿಂದ ಎಚ್ಚೆತ್ತವರ ಹಾಗೆ ಬೆಚ್ಚಿ ತಲೆ ಎತ್ತಿದಳು, ಪಕ್ಕದ ಗೋಡೆಗೆ ಭುಜ ಹೊಡೆದುಕೊಂಡಳು, ಅಲ್ಲಿಂದ ನಡುಗಲು ಶುರುಮಾಡಿದಳು. ನಾನು ಓಡಿ ಹೋಗಿ ರೇಡಿಯೋ ಹಾಕಿ ಬಂದೆ. ಹಾಡೂ ಮಾತೂ ಕೇಳುತ್ತಿದ್ದರೂ ಅವಳನ್ನು ಎಳೆದು ತಳ್ಳಿ ಸ್ಟಾಲಿಗೆ ವಾಪಸು ತರಲು ಮುಕ್ಕಾಲು ಗಂಟೆ ಹಿಡಿಯಿತು. ಗೋಡೆಗೆ ಮೈ ಒತ್ತಿಕೊಂಡು, ಕಾಲನ್ನು ತಡವರಿಸಿ ಮುಂದಿಡುತ್ತ, ಪ್ರತಿ ತಿರುವಿನಲ್ಲೂ ಹೆದರಿ ಹಿಂದೆ ಸರಿಯುತ್ತ ಬಂದಳು. ಕೈಗಾಡಿಯನ್ನು ನಾನು ತೆಗೆದಿಟ್ಟಿದ್ದರೂ ಎರಡು ಕಡೆ ಮೈ ತರಚಿಕೊಂಡಳು.

ಆಮೇಲೆ ನಾನು ಮರಳು ಬಾಚುವ ರೇಕ್ ತೆಗೆದುಕೊಂಡು ಅರೀನಾಕ್ಕೆ ಹೋದೆ. ಆ ಸಾಲನ್ನೂ, ಗೋಡೆಯ ಬದಿಯಲ್ಲಿ ವಾಪಸು ಬಂದ ಗುರುತುಗಳನ್ನೂ, ನನ್ನ ಹೆಜ್ಜೆಗಳನ್ನೂ ಪೂರ್ತಿ ಅಳಿಸಿದೆ. ಯಾಕೆ ಎಂದು ಕೇಳಿದರೆ ಉತ್ತರ ಸುಲಭ. ಸಾಯುತ್ತಿದ್ದ ಐರೀನ್ ಅವರಿಗೆ ಮಾತು ಕೊಟ್ಟು ಅವರು ಸತ್ತ ಒಂದೂವರೆ ಗಂಟೆಯೊಳಗೆ ಅದನ್ನು ಮುರಿದಿದ್ದೆ. ಬಾಗಿಲು ಹಾಕದೆ ಕುರುಡು ಪ್ರಾಣಿಯನ್ನು ಹೊರಗೆ ಬಿಟ್ಟಿದ್ದೆ. ಅದು ಟ್ರೇಸಿಗೆ ಗೊತ್ತಾಗುವುದು ನನಗೆ ಬೇಡವಾಗಿತ್ತು. ಆ ನಿಂತ ಗುರುತುಗಳನ್ನು ಅಲ್ಲೇ ಬಿಟ್ಟು ಕಾರು ಹತ್ತುವ ಧೈರ್ಯವೂ ಇರಲಿಲ್ಲ. ಈನಂಕ್ಲಾದವಳ ಮಾತು ಆಗ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಫೋನ್ ಜೇಬಿನಲ್ಲೇ ಇತ್ತು, ಒಂದು ಫೋಟೋ ತೆಗೆಯಬಹುದಿತ್ತು. ತೆಗೆಯಲಿಲ್ಲ.

ಮನೆಗೆ ಬಂದಾಗ ಶ್ರೀಧರ ಬಾಗಿಲಲ್ಲೇ ಇದ್ದ. "ಎಷ್ಟೊತ್ತು? ಫೋನೂ ಎತ್ತಲ್ಲ" ಎಂದ. ಐರೀನ್ ಹೋದರು ಎಂದೆ. "ಸ್ನಾನ ಮಾಡ್ಕೊಂಡ್ ಬಾ, ಅನ್ನ ಇಟ್ಟಿದೀನಿ" ಎಂದ. ಅನಘಾ ಬಂದು ಸೊಂಟ ಹಿಡಿದುಕೊಂಡು, "ಹೂ ವಿಲ್ ವಾಕ್ ಪರ್ಲ್ ನೌ, ಅಮ್ಮಾ?" ಎಂದಳು. ನಾನು ತಲೆಗೆ ನೀರು ಹಾಕಿಕೊಳ್ಳಲು ಹೋದೆ.

ಅಲ್ಲಿಂದ ಇಲ್ಲಿಯವರೆಗೆ ನಾನು ಇದನ್ನು ಬಿಡಿಸಲು ಮಾಡದ ಪ್ರಯತ್ನವಿಲ್ಲ. ವರ್ಷಗಟ್ಟಲೆ ನಡೆದ ದಾರಿ, ಕಾಲಿಗೇ ನೆನಪಿರಬೇಕು ಎಂದುಕೊಂಡಿದ್ದೇನೆ. ಗದ್ದಲ ನಿಂತದ್ದರಿಂದಲೇ ಅವಳಿಗೆ ಗೋಡೆಗಳಿಂದ ತಿರುಗಿಬರುವ ತನ್ನ ಹೆಜ್ಜೆಯ ದನಿ ಕೇಳಿ ದಾರಿ ತಿಳಿದಿರಬಹುದು. ನಿಲ್ಲುವುದೂ ನಡಿಗೆಯ ಅಭ್ಯಾಸವೇ ಆಗಿರಬಹುದು. ಇದೆಲ್ಲ ಸರಿಯೇ. ಆದರೆ ಸದ್ದಿಲ್ಲದಿದ್ದಾಗ ಹಲಗೆ ಮುರಿದವಳು ಅವತ್ತು ಯಾಕೆ ಮುರಿಯಲಿಲ್ಲ? ಹಿಂದೆಂದೂ ಅಲ್ಲಿ ಇರದಿದ್ದ ಕೈಗಾಡಿಯನ್ನು ಯಾವ ಅಭ್ಯಾಸದಿಂದ ಬಳಸಿ ಹೋದಳು? ಅದೇ ದಾರಿಯಲ್ಲಿ ವಾಪಸು ಬರುವಾಗ ಆ ಅಭ್ಯಾಸವೆಲ್ಲ ಎಲ್ಲಿ ಹೋಯಿತು? ಒಂದೊಂದು ಪ್ರಶ್ನೆಗೂ ಏನೋ ಒಂದು ಉತ್ತರ ಕೊಟ್ಟುಕೊಳ್ಳುತ್ತೇನೆ. ಎಲ್ಲವನ್ನೂ ಒಟ್ಟಿಗೆ ಇಟ್ಟಾಗ ಆ ಉತ್ತರಗಳು ನನಗೇ ಒಪ್ಪಿಗೆಯಾಗುವುದಿಲ್ಲ.

ಐರೀನ್ ಅವರ ಅಂತ್ಯಕ್ರಿಯೆ ಮುಗಿದು ಮೂರು ದಿನಕ್ಕೆ ಪಶುವೈದ್ಯರು ಬಂದರು. ಪರ್ಲ್ ಹುಲ್ಲು ಮುಟ್ಟುವುದನ್ನು ಬಹುಮಟ್ಟಿಗೆ ಬಿಟ್ಟಿದ್ದಳು. ಹೀಗೆ ಇಟ್ಟುಕೊಂಡರೆ ಹಿಂಸೆ, ಚುಚ್ಚುಮದ್ದು ಕೊಟ್ಟು ಕಳಿಸಿಕೊಡುವುದೇ ದಯೆ ಎಂದರು ಅವರು. ಟ್ರೇಸಿ ಕಣ್ಣೊರೆಸಿಕೊಂಡು, ಕೊನೆಯದಾಗಿ ಒಮ್ಮೆ ಕೇಳೋಣ ಎಂದು ಈನಂಕ್ಲಾಕ್ಕೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. ಪರ್ಲ್‌ಳ ಸ್ಟಾಲಿನ ಮುಂದೆಯೇ ನಾವು ಮೂವರೂ ನಿಂತಿದ್ದೆವು.

ಈನಂಕ್ಲಾದಾಕೆ ನೇರ ವಿಷಯಕ್ಕೆ ಬಂದಳು. "ನನಗೂ ಅವಳನ್ನ ಉಳಿಸ್ಕೋಬೇಕು ಅಂತಾನೇ ಇದೆ. ಒಂದೇ ಮಾತು ಹೇಳಿ. ಆ ಯಜಮಾನಿ ಜೊತೆಗಿಲ್ಲದೆ, ಇವಳು ಒಬ್ಬಳೇ ಒಂದು ಸಲನಾದ್ರೂ ನಡೆದಿದಾಳಾ?"

ಟ್ರೇಸಿ ನನ್ನ ಮುಖ ನೋಡಿದಳು. ಪರ್ಲ್ ಜೊತೆ ಹೆಚ್ಚು ಹೊತ್ತು ಇದ್ದವಳು ನಾನೇ ತಾನೆ. ವೈದ್ಯರೂ ನೋಡಿದರು. ನಡೆದಿದ್ದಾಳೆ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಅದನ್ನು ಹೇಳಿದ್ದರೆ ರೇಡಿಯೋ ಆರಿಸಿದ್ದು, ಚಿಲಕ ಹಾಕದ್ದು, ಗುರುತು ಅಳಿಸಿದ್ದು ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಅದಕ್ಕೆ ಹೆದರಿದೆ, ಅದು ನಿಜ. ಆದರೆ ನನ್ನ ಬಾಯಿ ಕಟ್ಟಿದ್ದು ಅದೊಂದೇ ಅಲ್ಲ. ಆಕೆ ಕೇಳಿದ್ದು ಒಬ್ಬಳೇ ನಡೆದಳೇ ಎಂದು.

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಟ್ರೇಸಿ ಅದನ್ನು ಫೋನಿನಲ್ಲಿ ಹೇಳಿದಳು.

ಗುರುವಾರ ಬೆಳಿಗ್ಗೆ ಸ್ಟಾಲಿನೊಳಗೇ ಪರ್ಲ್‌ಗೆ ಚುಚ್ಚುಮದ್ದು ಕೊಟ್ಟರು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಅಂದು ನಾನು ತಲೆ ಅಲ್ಲಾಡಿಸಿ ಹೇಳಿದ್ದು ಸುಳ್ಳೋ ನಿಜವೋ, ನನಗೆ ಇವತ್ತಿಗೂ ಗೊತ್ತಿಲ್ಲ.